ಶಿವಾನಿಯ ಎರಡು ಉಗುರು

ಎದುರಿಗೆ ಕೂತ ಹೆಂಗಸಿನ ಎಡಗೈಯನ್ನು ಟವೆಲಿನ ಮೇಲೆ ಇಟ್ಟುಕೊಂಡು ಹೆಬ್ಬೆರಳಿನ ಉಗುರನ್ನು ಅರದಿಂದ ಉಜ್ಜುತ್ತಿದ್ದ ತಾಹೇರಾಗೆ, ಇಂದಿರಾನಗರದ ಆ ಪಾರ್ಲರಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದವರು ಯಾರೆಂದು ತಲೆ ಎತ್ತುವ ಮೊದಲೇ ಗೊತ್ತಾಯಿತು. ಗೊತ್ತಾಯಿತು ಎಂದರೆ, ಹನ್ನೆರಡು ದಿನಗಳಿಂದ ಆ ಬಾಗಿಲು ತೆರೆದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬಂದವರು ಹುಬ್ಬು ತೀಡಿಸಿಕೊಳ್ಳುವವರೋ ನೀರಿನ ಕ್ಯಾನಿನವನೋ ಆಗಿರುತ್ತಿದ್ದರು. ಇವತ್ತು ಹೆದರಿಕೆ ಸುಳ್ಳಾಗಲಿಲ್ಲ, ಅಷ್ಟೆ. ಮುಂದೆ ಶಿವಾನಿ, ಹಿಂದೆ ಅವಳ ತಾಯಿಯೇ ಇರಬೇಕು, ಅದೇ ಗಲ್ಲ, ಅದೇ ಸಣ್ಣ ಹಣೆ. ಹೊರಗೆ ಮೆಟ್ರೋಗೆಂದು ರಸ್ತೆ ಅಗೆದಿದ್ದರಿಂದ ಇಬ್ಬರ ಚಪ್ಪಲಿಯಲ್ಲೂ ಕೆಮ್ಮಣ್ಣು. ತಾಯಿ ಒಳಗೆ ಬಂದವರೇ ನುಣ್ಣನೆಯ ನೆಲವನ್ನು ನೋಡಿ, ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕಾಲು ಎತ್ತಿ ನಿಂತರು. ತಾಹೇರಾ ಮೊದಲು ನೋಡಿದ್ದು ಶಿವಾನಿಯ ಕೈಯನ್ನು. ಹತ್ತು ಬೆರಳಲ್ಲೂ ಬರಿಯ ಉಗುರು. ತಾನು ಅಂಟಿಸಿದ್ದ ಹತ್ತು ನಕಲಿ ಉಗುರಲ್ಲಿ ಬಿದ್ದದ್ದು ಎರಡೇ ಆಗಿತ್ತು, ಮಿಕ್ಕ ಎಂಟನ್ನು ಅವಳೇ ಕಿತ್ತು ತೆಗೆದಿದ್ದಾಳೆ. ಕಿತ್ತ ಕಡೆಯಲ್ಲಿ ಉಗುರಿನ ಮೇಲ್ಪದರ ಎದ್ದು ಬೆಳ್ಳಗೆ ಸುಲಿದಿತ್ತು. ಅಸಿಟೋನಿನಲ್ಲಿ ನೆನೆಸದೆ ಹಾಗೆ ಕೀಳಬಾರದು ಎಂದು ಹೇಳಬೇಕೆನಿಸಿತು ತಾಹೇರಾಗೆ. ಇಂಥ ಹೊತ್ತಿನಲ್ಲೂ ತನ್ನ ತಲೆಗೆ ಬರುವುದು ಇದೇ ಎಂದು ನಾಚಿಕೆಯಾಯಿತು.

ಎರಡು ವಾರದ ಹಿಂದೆ ಇದೇ ಮೇಜು. ಶಿವಾನಿಯನ್ನು ಇಲ್ಲಿಗೆ ಕರೆತಂದವಳು ಪ್ರತಿಭಾ, ಶಿವಾನಿಯನ್ನು ಮದುವೆಯಾಗಬೇಕಿದ್ದ ಸಂಜುವಿನ ಅಕ್ಕ, ಬಾಣಸವಾಡಿಯವಳು, ಪಾರ್ಲರಿಗೆ ಮೂರು ವರ್ಷದ ಖಾಯಂ ಗಿರಾಕಿ. ಭಾನುವಾರ ನಿಶ್ಚಿತಾರ್ಥ, ಉಂಗುರ ತೊಡಿಸುವ ಫೋಟೋದಲ್ಲಿ ತಮ್ಮನ ಹೆಂಡತಿಯಾಗುವವಳ ಬೆರಳು ಚೆನ್ನಾಗಿ ಕಾಣಬೇಕು ಎಂದು ಅವಳದೇ ಉಮೇದು. ಆ ಸೋಮವಾರ ತಾಹೇರಾಳ ಮುಂದೆ ಇನ್ನೂ ಮೂವರು ಕಾಯುತ್ತಿದ್ದರು. ಉಗುರಿನ ಹೊಳಪು ಪೂರ್ತಿ ಹೋಗುವಂತೆ ಉಜ್ಜಬೇಕು, ಜಿಡ್ಡು ಒರೆಸಬೇಕು, ಅಂಟು ಕಚ್ಚಿಕೊಳ್ಳಲೆಂದು ಪ್ರೈಮರ್ ಹಚ್ಚಿ ಅದು ಒಣಗುವವರೆಗೆ ಸುಮ್ಮನೆ ಕೂರಬೇಕು, ಆಮೇಲೆ ಅಂಟಿಸಬೇಕು. ಸುಮ್ಮನೆ ಕೂರುವ ಆ ಹೊತ್ತನ್ನು ತಾಹೇರಾ ಶಿವಾನಿಯ ಬಲಗೈಯಲ್ಲಿ ನುಂಗಿಹಾಕಿದಳು. ತಿಳಿಯದೆ ಅಲ್ಲ, ತಿಳಿದೇ. ಗುರುವಾರ ಬಲಗೈಯ ಎರಡು ಉಗುರು ಬಿದ್ದವು. ಬಿದ್ದ ಉಗುರುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಿವಾನಿ, ಜೊತೆಗೆ ಪ್ರತಿಭಾ, ಬಂದು ಕೂತಾಗ ತಾಹೇರಾ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ದನಿ ಇಳಿಸಿ ಕೇಳಿದ್ದಳು: "ಶುಗರ್ ಏನಾದ್ರೂ ಇದೆಯಾ ಮೇಡಂ ನಿಮಗೆ? ಶುಗರ್ ಇದ್ದೋರಿಗೆ ನಿಲ್ಲಲ್ಲ."

ಅದು ಅವಳು ಕಟ್ಟಿದ ಮಾತಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಪಾರ್ಲರಿನ ಒಡತಿ ಅಯ್ಯಮ್ಮ ಮೇಡಂ ಕಲಿಸಿಕೊಟ್ಟದ್ದು. ಉಗುರು ಬಿತ್ತೆಂದು ಯಾರಾದರೂ ಜಗಳಕ್ಕೆ ಬಂದರೆ ಸಾರಿ ಅನ್ನಬಾರದು, ಸಾರಿ ಅಂದರೆ ತಪ್ಪು ನಮ್ಮದಾಗುತ್ತದೆ. ಕೈ ಹಿಡಿದು, ಮರುಕದಿಂದ, ಶುಗರ್ ಇದೆಯಾ, ಥೈರಾಯ್ಡ್ ಇದೆಯಾ ಎಂದು ಕೇಳಬೇಕು. ಇದ್ದವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಇಲ್ಲದವರು ಇರಬಹುದೇನೋ ಎಂದು ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾಲ್ಕು ವರ್ಷದಲ್ಲಿ ತಾಹೇರಾ ಎಷ್ಟು ಜನರಿಗೆ ಕೇಳಿದ್ದಳೋ. ರೇಗಾಡುತ್ತ ಬಂದವರು ಆ ಒಂದು ಮಾತಿಗೆ ಮೆತ್ತಗಾಗಿ, ಎಲ್ಲೋ ಕಳೆದುಹೋದವರ ಮುಖ ಮಾಡಿಕೊಂಡು, ಹೊಸ ಉಗುರಿಗೆ ಮತ್ತೆ ಕೈ ಚಾಚುವುದನ್ನು ಕಂಡು ಮೊದಮೊದಲು ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಆಮೇಲೆ ನಗುವೂ ಬರಲಿಲ್ಲ, ಅಭ್ಯಾಸವಾಗಿಹೋಯಿತು. ಶಿವಾನಿಯ ಪಕ್ಕದಲ್ಲಿ ಗಂಡಿನ ಅಕ್ಕ ಕೂತಿದ್ದಾಳೆ ಎಂಬುದು ಆ ಕ್ಷಣ ಹೊಳೆಯಲೇ ಇಲ್ಲ. ಹೊಳೆದದ್ದು ಪ್ರತಿಭಾ ಕೈಯಲ್ಲಿದ್ದ ಪತ್ರಿಕೆಯನ್ನು ನಿಧಾನಕ್ಕೆ ಮಡಚಿ ಕೆಳಗಿಟ್ಟಾಗ. "ಇಲ್ಲಪ್ಪಾ, ನಂಗೇನಿಲ್ಲ," ಎಂದು ಶಿವಾನಿ ನಕ್ಕಿದ್ದಳು. ಆ ನಗುವಿಗೆ ಪ್ರತಿಭಾ ನಗಲಿಲ್ಲ.

ಇವತ್ತು ಅಯ್ಯಮ್ಮ ಮೇಡಂ ಊಟಕ್ಕೆ ಹೋಗಿದ್ದು ಒಳ್ಳೆಯದಾಯಿತು. ಎದುರಿಗಿದ್ದ ಹೆಂಗಸಿಗೆ ಐದು ನಿಮಿಷ ಎಂದು ಹೇಳಿ ತಾಹೇರಾ ತಾಯಿ-ಮಗಳನ್ನು ಹೊರಗೆ ಮೆಟ್ಟಿಲಿನ ಹತ್ತಿರ ಕರೆದೊಯ್ದಳು. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಳು, ಬೈದರೆ ಹಗುರಾಗುತ್ತದೆ ಎಂದೂ ಅನಿಸಿತ್ತು. ತಾಯಿ ಬೈಯಲಿಲ್ಲ. ತಮ್ಮ ಹೆಸರು ವಿಮಲಾಕ್ಷಿ ಎಂದರು, ಮನೆ ರಾಮಮೂರ್ತಿನಗರದಲ್ಲಿ ಎಂದರು, ಊರು ದಾವಣಗೆರೆ ಕಡೆ ಎಂದರು, ಸಂಬಂಧ ಕೇಳಲು ಬಂದವರು ಹೇಳಿಕೊಳ್ಳುವಂತೆ ಒಂದೊಂದಾಗಿ. ನಿಶ್ಚಿತಾರ್ಥವನ್ನು ಗಂಡಿನವರು ಮುಂದಕ್ಕೆ ಹಾಕಿದ್ದರು. ಯಾಕೆ ಎಂದು ಹೇಳಿರಲಿಲ್ಲ. "ನೋಡೋಣು ಅಂತಾರ್ರಿ. ಫೋನ್ ಮಾಡಿದ್ರೆ ನೋಡೋಣು. ದೊಡ್ಡ ಮನುಷ್ಯರು, ಬಾಯಿ ಬಿಟ್ಟು ಹಿಂಗೆ ಅಂತ ಹೇಳಂಗಿಲ್ಲ. ಇವಳು ನೀವು ಹೇಳಿದ ಮಾತು ಬಂದು ಹೇಳಿದ್ಲು. ಅದಕ್ಕೇ ನಾನೇ ರಕ್ತ ಕೊಡಿಸ್ಕೊಂಡು ಬಂದೆ. ಏನೂ ಇಲ್ಲ ಅನ್ನೋ ಕಾಗದ ತಗೊಂಡು ಅವರ ಮುಂದೆ ಇಟ್ಟುಬಿಟ್ರೆ ಮುಗೀತಲ್ಲ ಅಂತ." ಅವರು ಬ್ಯಾಗಿನಿಂದ ಲ್ಯಾಬಿನ ಕವರ್ ತೆಗೆದರು, ಬಿಚ್ಚಲಿಲ್ಲ. "ಐತಂತ್ರಿ," ಎಂದರು.

ತಾಹೇರಾಗೆ ಆಗ ಆದದ್ದು ಸಂತೋಷ. ಒಂದು ಕ್ಷಣ, ಬರೀ ಒಂದು ಕ್ಷಣ, ಹನ್ನೆರಡು ದಿನದಿಂದ ಎದೆಯ ಮೇಲೆ ಕೂತದ್ದು ಎದ್ದುಹೋಯಿತು. ಹಾಗಾದರೆ ನನ್ನ ತಪ್ಪಲ್ಲ. ಶುಗರ್ ಇತ್ತು, ಅದಕ್ಕೇ ಬಿತ್ತು, ನಾನು ಹೇಳಿದ್ದು ನಿಜವೇ. ಅವಳ ಮುಖ ಅರಳಿತೋ ಏನೋ, ಶಿವಾನಿ ಅವಳನ್ನೇ ನೋಡುತ್ತಿದ್ದಳು. ಇಪ್ಪತ್ನಾಲ್ಕು ವರ್ಷದ ಹುಡುಗಿಗೆ ಬರಬಾರದ ರೋಗ ಬಂದಿದೆ ಎಂದು ಕೇಳಿ ತಾನು ಸಂತೋಷಪಟ್ಟೆನಲ್ಲ ಎಂಬುದು ಅರಿವಾಗುವಷ್ಟರಲ್ಲಿ ವಿಮಲಾಕ್ಷಿ ಅವಳ ಎರಡೂ ಕೈ ಹಿಡಿದುಕೊಂಡಿದ್ದರು. "ಇವಳ ಅಪ್ಪಗೂ ಹೇಳಿಲ್ಲ. ನೀವೊಂದು ಮಾತು ಬಂದು ಅವರ ಮನೇಲಿ ಹೇಳ್ರಿ. ಅಂಟಿಸಿದ್ದು ಸರಿ ಇರಲಿಲ್ಲ, ನಂದೇ ತಪ್ಪಾತು ಅಂತ. ನಿಮ್ಮ ಬಾಯಿಂದ ಬಂದ ಮಾತು, ನೀವೇ ಅಳಿಸ್ಬೇಕು. ಒಂದು ಸುಳ್ಳು ಹೇಳಿ ಒಂದು ಹೆಣ್ಣಿನ ಬಾಳು ಉಳಿಸಿದ್ರೆ ದೇವ್ರು ನಿಮಗೇನೂ ಮಾಡಂಗಿಲ್ಲ." ಅದು ಸುಳ್ಳಲ್ಲ ಎಂದು ಹೇಳಲು ತಾಹೇರಾಗೆ ಬಾಯಿ ಬರಲಿಲ್ಲ. ಸುಳ್ಳು ಹೇಳಿದ ಪುಣ್ಯವಾದರೂ ತನಗಿರಲಿ ಎಂದುಕೊಂಡು ತಲೆಯಾಡಿಸಿದಳು.

ಒಳಗೆ ಕಾಯುತ್ತಿದ್ದ ಹೆಂಗಸಿನ ಉಗುರು ಮುಗಿಸಿ ಬಂದ ಮೇಲೆ, ಆಟೊದಲ್ಲಿ ಮೂವರು. ಹಳೇ ಮದ್ರಾಸ್ ರಸ್ತೆಯ ಹೊಗೆಯಲ್ಲಿ ಯಾರೂ ಮಾತಾಡಲಿಲ್ಲ. ಮಧ್ಯದಲ್ಲಿ ಕೂತ ಶಿವಾನಿಯ ಕೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು, ಉಗುರು ಕಾಣದಂತೆ. ಶುಗರ್ ಇದ್ದವರ ಉಗುರು ತಾಹೇರಾಗೆ ಗೊತ್ತಿಲ್ಲದ್ದೇ? ಶಿವಾಜಿನಗರದ ತವರುಮನೆಯಲ್ಲಿ ಏಳು ವರ್ಷ ಅಮ್ಮಿಯ ಉಗುರು ಕತ್ತರಿಸಿದವಳು ಅವಳು. ಶುಕ್ರವಾರ ಬೆಳಿಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟುಕೊಂಡು ಅಮ್ಮಿ ಕೂರುತ್ತಿದ್ದಳು, ಹಳದಿಗಟ್ಟಿ ದಪ್ಪಗಾದ ಉಗುರು ನೆನೆದು ಮೆದುವಾಗುವವರೆಗೆ ಅರ್ಧ ತಾಸು. ಚರ್ಮಕ್ಕೆ ಒಂದಿಷ್ಟು ತಾಗಿದರೂ ಗಾಯ ಮಾಯುವುದಿಲ್ಲ ಎಂದು ಉಸಿರು ಬಿಗಿಹಿಡಿದು ಕತ್ತರಿಸಬೇಕು. ತಾಗಿತು ಒಂದು ಸಲ. ಅದರಿಂದಲೇ ಬೆರಳು ಹೋಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆ ಉಗುರು ಕಂಡವಳಿಗೆ ಶಿವಾನಿಯ ಗುಲಾಬಿ ಬಣ್ಣದ ನುಣುಪು ಉಗುರಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದರೂ ಕೇಳಿದ್ದಳು. ಈಗ ಯಾವುದರಿಂದ ಬಿತ್ತು? ಒಣಗದ ಪ್ರೈಮರಿನಿಂದಲೋ, ಒಳಗಿನ ಸಕ್ಕರೆಯಿಂದಲೋ? ಪ್ರೈಮರ್ ಒಣಗಿದ್ದ ಎಡಗೈಯ ಐದೂ ಉಗುರು ನಿಂತಿದ್ದವು, ಹಾಗಾದರೆ ತನ್ನಿಂದಲೇ. ಆದರೆ ಶಿವಾನಿ ಊಟ ಮಾಡುವುದು, ಬಟ್ಟೆ ಒಗೆಯುವುದು, ಬಾಗಿಲು ತೆಗೆಯುವುದು ಎಲ್ಲ ಬಲಗೈಯಲ್ಲಿ, ಸಕ್ಕರೆಯಿಂದ ಸಡಿಲಾದದ್ದು ಮೊದಲು ಅಲ್ಲೇ ಕಿತ್ತುಬರಬೇಕಲ್ಲವೇ? ಹೀಗೆ ಒಂದು ಕೈಯಿಂದ ಇನ್ನೊಂದು ಕೈಗೆ ಲೆಕ್ಕ ಹಾಕುತ್ತ ಅವಳು ಟಿನ್ ಫ್ಯಾಕ್ಟರಿಯವರೆಗೆ ಬಂದಿದ್ದಳು. ಇದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ, ಅಯ್ಯಮ್ಮ ಮೇಡಂ ಹತ್ತಿರವಂತೂ ಇಲ್ಲ. ಉತ್ತರ ಸಿಕ್ಕಿದರೂ ಅದರಿಂದ ಈ ಹುಡುಗಿಗೆ ಆಗಬೇಕಾದದ್ದೇನು, ಆಗುವುದೆಲ್ಲ ನನ್ನ ಸಮಾಧಾನ, ಎಂದು ಅನಿಸಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಾಣಸವಾಡಿಯ ಮನೆ ಮೊದಲ ಮಹಡಿಯಲ್ಲಿತ್ತು. ಬಾಗಿಲು ತೆರೆದ ಪ್ರತಿಭಾ, ವಿಮಲಾಕ್ಷಿಯ ಹಿಂದೆ ಪಾರ್ಲರಿನ ತಾಹೇರಾಳನ್ನು ಕಂಡು ಯಾರೋ ಏನೋ ಎಂಬಂತೆ ನಿಂತಳು. ಮೇಜಿನ ಆಚೆ ಈಚೆ ಕೂತು ನೂರು ಸಲ ಹರಟೆ ಹೊಡೆದವರು, ಆದರೂ ಪಾರ್ಲರಿನ ಹೊರಗೆ ತಾಹೇರಾಗೊಂದು ಮೈಯಿದೆ, ಬುರ್ಖಾ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಒಳಗೆ ಪ್ರತಿಭಾಳ ತಂದೆ ಪ್ರಭುಲಿಂಗ, ಹರಿಹರದಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು, ಹಣೆಯ ಮೇಲೆ ವಿಭೂತಿ, ತೊಡೆಯ ಮೇಲೆ ಪೇಪರು. ಸಂಜು ಕೆಲಸಕ್ಕೆ ಹೋಗಿದ್ದ. "ಕೂತ್ಕೊಳ್ರಿ, ನೀವೂ ಕೂತ್ಕೊಳ್ರಿ," ಎಂದು ಪ್ರಭುಲಿಂಗ ಕುರ್ಚಿ ತೋರಿಸಿದರೂ ತಾಹೇರಾ ನಿಂತೇ ಇದ್ದಳು. ಕೂತು ಹೇಳುವ ಮಾತು ಇದಲ್ಲ. ಅವಳು ಎಲ್ಲವನ್ನೂ ಹೇಳಿದಳು, ಕೇಳಿದ್ದಕ್ಕಿಂತ ಹೆಚ್ಚು ಹೇಳಿದಳು. ಅವತ್ತು ಆತುರ ಮಾಡಿದ್ದು, ಬಲಗೈಗೆ ಹಚ್ಚಿದ್ದು ಒಣಗುವ ಮೊದಲೇ ಅಂಟಿಸಿದ್ದು, ಗೊತ್ತಿದ್ದೂ ಅಂಟಿಸಿದ್ದು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು, ಒಂದು ಥರದ ಉತ್ಸಾಹವೇ ಬಂದುಬಿಟ್ಟಿತು. ನಿಜ ಹೇಳುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

"ಮತ್ತೆ ಅವತ್ತು ಶುಗರ್ ಅಂತ ಯಾಕ್ರೀ ಅಂದ್ರಿ?" ಪ್ರತಿಭಾ ಕೇಳಿದಳು.

"ಎಲ್ರಿಗೂ ಹಂಗೇ ಅಂತೀವಿ ಮೇಡಂ. ಬಿದ್ರೆ ಹಂಗೆ ಅನ್ಬೇಕು ಅಂತ ನಮಗೆ ಹೇಳಿಕೊಟ್ಟಿದಾರೆ. ಇಲ್ಲಾಂದ್ರೆ ನಮ್ಮ ಮೇಲೆ ಬರುತ್ತೆ."

ಪ್ರತಿಭಾಳ ಮುಖ ಕೆಂಪಾಯಿತು. "ನನಗೂ ಹೋದ ವರ್ಷ ಅಂದಿದ್ರಿ. ಕಿರುಬೆರಳಿಂದು ಬಿದ್ದಾಗ. ನೆನಪಿದ್ಯಾ? ಯಾರಿಗೂ ಹೇಳ್ದೆ ಹೋಗಿ ರಕ್ತ ಕೊಟ್ಟು ಬಂದೆ ನಾನು. ರಿಪೋರ್ಟ್ ಬರೋವರೆಗೂ ಅನ್ನ ಸೇರ್ಲಿಲ್ಲ. ಎರಡು ದಿನ ಮಕ್ಕಳ ಮುಖ ನೋಡಿದ್ರೆ ಅಳು ಬರೋದು."

ತಾಹೇರಾಗೆ ನೆನಪಿರಲಿಲ್ಲ. ಎಷ್ಟು ತಡಕಿದರೂ ಆ ಕಿರುಬೆರಳು ನೆನಪಾಗಲಿಲ್ಲ. "ತಪ್ಪಾಯ್ತು ಮೇಡಂ," ಎಂದಳು. ಪ್ರತಿಭಾ ಇನ್ನೂ ಏನೋ ಅನ್ನುವವಳಿದ್ದಳು, ತಂದೆ ಕೈ ಎತ್ತಿ ತಡೆದರು. ಪೇಪರನ್ನು ಮಡಚಿದರು. ಅವರು ಕೆಟ್ಟ ಮನುಷ್ಯರಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು, ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು. ತರಗತಿಯಲ್ಲಿ ಕಡೆಯ ಬೆಂಚಿನವರನ್ನು ಕೇಳುವ ದನಿಯಲ್ಲಿ ಮೆಲ್ಲಗೆ ಕೇಳಿದರು: "ಅಂದ್ರೆ, ಹುಡುಗಿಗೆ ಅಂಥಾದ್ದೇನೂ ಇಲ್ಲ ಅಂತಾತು. ಅಲ್ಲೇನಮ್ಮಾ?"

ಯಾರನ್ನು ಕೇಳಿದರೆಂದು ತಾಹೇರಾಗೆ ತಿಳಿಯಲಿಲ್ಲ. ಅವರ ಕಣ್ಣು ತನ್ನ ಮೇಲೂ ಇತ್ತು, ಶಿವಾನಿಯ ಮೇಲೂ ಇತ್ತು. ವಿಮಲಾಕ್ಷಿಯ ಕೈಯೊಳಗಿದ್ದ ಬ್ಯಾಗು, ಬ್ಯಾಗಿನೊಳಗಿದ್ದ ಕವರು, ಯಾವುದೂ ಅಲುಗಾಡಲಿಲ್ಲ. ಶಿವಾನಿ ತಲೆ ಎತ್ತಿ ತಾಹೇರಾಳನ್ನು ನೋಡಿದಳು. ಬೇಡಿಕೊಳ್ಳುವ ನೋಟವೇ ಅದು, ತಾಹೇರಾ ಅದನ್ನು ಸರಿಯಾಗಿಯೇ ಗುರುತಿಸಿದಳು, ಏನನ್ನು ಬೇಡುತ್ತಿದೆ ಎಂಬುದೊಂದನ್ನು ಬಿಟ್ಟು. ಗಂಡ ಹಬೀಬನ ಮನೆಯವರು ತನ್ನನ್ನು ನೋಡಲು ಬಂದ ದಿನ, ಬಾಗಿಲ ಪರದೆಯ ಹಿಂದೆ ಅಮ್ಮಿಯೂ ಹೀಗೇ ಅವಳನ್ನು ನೋಡಿದ್ದಳು, ನಕ್ಕೊ ಬೋಲ್ ಬೇಟಿ, ಹೇಳಬೇಡ ಮಗಳೇ ಎಂದು. ತಾಯಿಗಿದ್ದರೆ ಮಗಳಿಗೂ ಬರುತ್ತದೆ ಎನ್ನುತ್ತಾರೆ ಜನ. ಹಾಗಾಗಿ ಅವತ್ತು ತಾಹೇರಾ ಅಮ್ಮಿಯ ಶುಗರಿನ ಮಾತು ಹೇಳಲಿಲ್ಲ. ಈಗಲೂ, "ನನ್ನ ತಪ್ಪು ಸಾರ್. ಪೂರಾ ನನ್ನ ತಪ್ಪು," ಎಂದಳು. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಮೇಷ್ಟ್ರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅವರಿಗೂ ಬೇಕಾಗಿದ್ದದ್ದು ಅದೇ ಉತ್ತರ.

ಆಮೇಲೆಲ್ಲ ಬೇಗಬೇಗ ನಡೆಯಿತು. ಪ್ರಭುಲಿಂಗ ನಕ್ಕರು, ಇಷ್ಟು ಸಣ್ಣದಕ್ಕೆ ಎಂಥ ಮನಸ್ತಾಪ ನೋಡ್ರಿ ಎಂದರು, ಬರುವ ವಾರವೇ ದಿನ ನೋಡೋಣ ಎಂದರು. ವಿಮಲಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರತಿಭಾ ಒಳಗಿನಿಂದ ಫೇಡೆಯ ಡಬ್ಬಿ ತಂದು ಎಲ್ಲರಿಗಿಂತ ಮೊದಲು ಶಿವಾನಿಯ ಮುಂದೆ ಹಿಡಿದಳು. ಶಿವಾನಿ ಒಂದು ತೆಗೆದುಕೊಂಡಳು. "ಒಂದೇ ಏನು, ಇನ್ನೊಂದು ತಗೋ. ಸಿಟ್ಟು ಇನ್ನೂ ಹೋಗ್ಲಿಲ್ವಾ ನಮ್ಮೇಲೆ?" ಎಂದು ಪ್ರತಿಭಾ ಎರಡನೆಯದನ್ನು ತಾನೇ ಅವಳ ಬಾಯಿಗಿಟ್ಟಳು. ಪಾಪ, ಪ್ರೀತಿಯಿಂದಲೇ. ಹಬೀಬನ ತಾಯಿ ಹೀಗೇ ಅಮ್ಮಿಯ ಬಾಯಿಗೆ ಜಿಲೇಬಿ ಇಟ್ಟಿದ್ದರು. ಅಮ್ಮಿ ಮೂರು ತಿಂದಳು, ಪಾಕ ಸೋರುವ ಬೆರಳು ಚೀಪಿ ಬಹಳ ಚೆನ್ನಾಗಿದೆ ಎಂದಳು, ಮದುವೆ ಮುಗಿಯುವವರೆಗೂ ಯಾರು ಏನು ಕೊಟ್ಟರೂ ತಿಂದಳು. ಹೊಸ ಸೊಸೆಯ ತಾಯಿ ಎಷ್ಟು ಗಟ್ಟಿಮುಟ್ಟು ಎಂದು ಎಲ್ಲರೂ ಹೊಗಳಿದರು. ಶಿವಾನಿ ಅಗಿಯುತ್ತಿದ್ದಳು. ನುಂಗಲು ಅವಳು ತೆಗೆದುಕೊಂಡ ಹೊತ್ತು ತಾಹೇರಾ ಒಬ್ಬಳಿಗೇ ಬಹಳ ದೀರ್ಘವೆನಿಸಿತು. ತನ್ನ ಕೈಗೂ ಒಂದು ಫೇಡೆ ಬಂತು. ತಿಂದಳು, ತಿನ್ನದೆ ವಿಧಿಯಿರಲಿಲ್ಲ.

ಅಲ್ಲಿಂದ ಹೊರಟು, ರೈಲ್ವೆ ಸ್ಟೇಷನ್ನಿನ ಕಡೆ ತಿರುಗುವ ಮೂಲೆಯಲ್ಲಿ ವಿಮಲಾಕ್ಷಿ ಅವರಿಬ್ಬರನ್ನು ನಿಲ್ಲಿಸಿ, ತಾವು ಹತ್ತು ಹೆಜ್ಜೆ ಆಚೆ ಹೋಗಿ ಮೊಬೈಲಿನಲ್ಲಿ ಗಂಡ ಶೇಖರಪ್ಪನಿಗೆ ಸುದ್ದಿ ಹೇಳತೊಡಗಿದರು. ರೈಲಿನ ಸದ್ದಿಗೆ ಕೂಗಿ ಕೂಗಿ ಹೇಳಬೇಕಾಗಿತ್ತು. ಎಲ್ಲಾ ಸರಿ ಹೋತು, ಎಲ್ಲಾ ಸರಿ ಹೋತು ಎಂಬುದಷ್ಟೇ ಕೇಳುತ್ತಿತ್ತು. ತಾಹೇರಾಗೆ ಏನಾದರೂ ಹೇಳಬೇಕೆನಿಸಿತು. ಮಾತ್ರೆ ತಪ್ಪಿಸಬೇಡ, ಕಾಲಿಗೆ ಗಾಯ ಮಾಡಿಕೊಳ್ಳಬೇಡ, ಹೀಗೆ ಅಮ್ಮಿಯಿಂದ ಕಲಿತದ್ದು ಬೇಕಾದಷ್ಟಿತ್ತು.

"ಡಾಕ್ಟ್ರು ಏನಂದ್ರಮ್ಮಾ?" ಎಂದಳು.

"ಇಂಜೆಕ್ಷನ್ ಬೇಕಾಗ್ಬೋದು ಅಂದ್ರು. ದಿನಾ." ಶಿವಾನಿ ತುಟಿಯ ಅಂಚಿಗೆ ಅಂಟಿದ್ದ ಫೇಡೆಯ ಚೂರನ್ನು ಒರೆಸಿಕೊಂಡಳು. "ಮದ್ವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು ಅಂತಾಳೆ ಅಮ್ಮ. ಯಾವಾಗ ಹೇಳೋದಕ್ಕಾ? ಮೊದಲ್ನೇ ದಿನಾನಾ?"

ತಾಹೇರಾ ಫೋನಿನಲ್ಲಿ ಕೂಗುತ್ತಿದ್ದ ವಿಮಲಾಕ್ಷಿಯ ಕಡೆ ತಿರುಗಿ ನೋಡಿದಳು.

"ಬರೋವಾಗ ದಾರೀಲಿ ನಂಗೊಂದೇ ಧೈರ್ಯ ಇತ್ತು. ಅಮ್ಮ ಹೇಳಲ್ಲ. ಅಮ್ಮನ ಮುಂದೆ ನಂಗೆ ಹೇಳಕ್ಕಾಗಲ್ಲ. ಅವ್ರು ಕೇಳ್ದಾಗ ನೀವಾದ್ರೂ ಹೇಳ್ಬಿಡ್ತೀರಾ ಅಂದ್ಕೊಂಡಿದ್ದೆ. ಹೋದ್ರೆ ಹೋಗ್ಲಿ ಸಂಬಂಧ, ಎಲ್ಲಾ ಗೊತ್ತಿದ್ದು ಆತ ಬರ್ತೀನಿ ಅಂದ್ರೆ ಬರ್ಲಿ, ಅಂತ."

"ನಾನು ಸುಳ್ಳು ಹೇಳ್ಲಿಲ್ಲಮ್ಮಾ," ಎಂದಳು ತಾಹೇರಾ. "ಅಲ್ಲಾಹ್ ಕಸಂ, ನಾನು ಹೇಳಿದ್ರಲ್ಲಿ ಒಂದೂ ಸುಳ್ಳಿಲ್ಲ. ನಿಜವಾಗ್ಲೂ ನಾನು ಒಣಗಕ್ಕೆ ಬಿಟ್ಟಿರ್ಲಿಲ್ಲ."

ಶಿವಾನಿ ಆಶ್ಚರ್ಯದಿಂದ ಅವಳನ್ನು ನೋಡಿದಳು. ತಾಯಿಯ ಮಾತು ಕೇಳಿ ತಾಹೇರಾ ಸುಳ್ಳು ಹೇಳಿದಳೆಂದೇ ಅವಳು ತಿಳಿದಿದ್ದಳು. ಆಮೇಲೆ ಸಿಟ್ಟಿಲ್ಲದೆ ಹೇಳಿದಳು: "ಹಂಗಾದ್ರೆ ಅವತ್ತು ಶುಗರ್ ಅಂತ ಸುಳ್ಳು ಹೇಳಿದ್ರಲ್ಲ ಅಕ್ಕಾ, ಅದೇ ಚೆನ್ನಾಗಿತ್ತು."

ವಿಮಲಾಕ್ಷಿ ಫೋನು ಮುಚ್ಚಿ, ನಗುತ್ತ, ಕೈ ಬೀಸಿ ಆಟೊ ನಿಲ್ಲಿಸಿದರು. ಪ್ರಭುಲಿಂಗರ ಮನೆಯ ಮಹಡಿ ಅಲ್ಲಿಂದ ಇನ್ನೂ ಕಾಣುತ್ತಿತ್ತು, ಬಾಲ್ಕನಿಯಲ್ಲಿ ಅವರು ಪೇಪರು ಹಿಡಿದು ಕೂತದ್ದೂ ಕಾಣುತ್ತಿತ್ತು. ವಾಪಸು ಹೋಗಿ ಹೇಳಲು ಎರಡು ನಿಮಿಷದ ದಾರಿಯೂ ಅಲ್ಲ. ಶಿವಾನಿ ಆ ಕಡೆ ನೋಡಿದಳು, ಆಮೇಲೆ ತಾಹೇರಾಳನ್ನು ನೋಡಿದಳು. "ಹತ್ರಿ ಹತ್ರಿ, ನಿಮ್ಮನ್ನ ಇಂದಿರಾನಗರದ ತನಕ ಬಿಟ್ಟೇ ಹೋಗ್ತೀವಿ," ಎಂದರು ವಿಮಲಾಕ್ಷಿ. ತಾಹೇರಾ ಆಟೊ ಹತ್ತಿದಳು.